ಬೇಲಿ ನೆಟ್ಟ ಕೈ

ಕಾವೂರು, ಮಂಗಳೂರು
೧೯೪೧, ನವೆಂಬರ್

ಮದರಾಸಿನ ದೊರೆಗಳ ಬಂಗಲೆಗಳಿಗೆ ಹೂದೋಟದ ನಕ್ಷೆ ಬರೆದುಕೊಡುವ ಮಹಾಮಹಿಮಳಾದ ನಳಿನಾಕ್ಷಿ ಅಕ್ಕನಿಗೆ, ತಮ್ಮ ತಾರಾನಾಥನ ನಮಸ್ಕಾರಗಳು.

ಪತ್ರಿಕೆಯಲ್ಲಿ ನಿನ್ನ ಫೋಟೋ ನೋಡಿದೆ. ಅಡಿಯಲ್ಲಿ ‘ಹೂಗಳನ್ನು ಪ್ರೀತಿಸುವ ಶಾಂತ ಮನೆತನದಲ್ಲಿ ಜನನ’ ಎಂದಿತ್ತು. ಊಟದ ನಡುವೆ ಓದಿ ಅನ್ನ ನೆತ್ತಿಗೇರಿತು. ನಮ್ಮದು ಎಷ್ಟು ಶಾಂತ ಮನೆತನವೆಂದರೆ, ಚಾವಡಿಯ ಗೋಡೆಯಲ್ಲಿ ದೇವರ ಪಟ ಒಂದಿತ್ತು, ಕತ್ತಿಗಳು ಏಳಿದ್ದವು. ಸೋದರಮಾವ ಮೋಹನದಾಸರು ಮನೆಯ ಯಜಮಾನರು. ಅವರು ಮೆಲ್ಲಗೆ ಮಾತಾಡಿದರೆ ಕಾಗೆಗಳು ಹಾರುತ್ತಿದ್ದವು.

ಅಂಥ ಮಾವ ಮೊನ್ನೆ ತೀರಿಕೊಂಡರು. ಗುರುವಾರ ಬೊಜ್ಜ, ಅವರ ಉತ್ತರಕ್ರಿಯೆ. ನೀನು ಬರುವುದಿಲ್ಲವೆಂದು ತಂತಿ ಕೊಟ್ಟಿದ್ದೀ. ‘ಮೂರು ಮೊಳ ಜಾಗಕ್ಕೆ ಎರಡು ಬೆರಳು ಕೊಟ್ಟು, ಆ ಸಿಟ್ಟಿಗೆ ನನ್ನನ್ನು ಬಡಿದು ಹೊರಗೆ ಹಾಕಿದ ಮನುಷ್ಯ’ ಎಂದು ನೀನು ಹಿಂದೊಮ್ಮೆ ಬರೆದದ್ದೂ ನೆನಪಿದೆ. ಆದ್ದರಿಂದ ಇಪ್ಪತ್ತೈದು ವರ್ಷ ನುಂಗಿಕೊಂಡಿದ್ದನ್ನು ಈಗ ಕಕ್ಕುತ್ತಿದ್ದೇನೆ.

ನಿನಗೆ ಹನ್ನೊಂದು, ನನಗೆ ಎಂಟು. ದಾಯಾದಿ ಜಯಣ್ಣನ ಹಿತ್ತಿಲಿಗೂ ನಮ್ಮದಕ್ಕೂ ನಡುವೆ ದಾಸವಾಳದ ಬೇಲಿ ನೆಡಲು ಮಾವ ನಿನಗೆ ಹೇಳಿದರು. ಗಡಿಯಲ್ಲೇ ಒಂದು ಕೇಪಳದ ಗಿಡ ಹೂಬಿಟ್ಟಿತ್ತು. ಅದನ್ನು ಕೀಳಲು ನಿನಗೆ ಮನಸ್ಸಾಗಲಿಲ್ಲ. ಬೇಲಿಯನ್ನೇ ಅದರ ಸುತ್ತ ಜಯಣ್ಣನ ಕಡೆಗೆ ಮೂರು ಮೊಳ ಬಳುಕಿಸಿಬಿಟ್ಟೆ. ನಿನ್ನ ಮೊದಲ ನಕ್ಷೆ! ಆದರೆ ನಮ್ಮ ಊರಿನಲ್ಲಿ ಗಿಡ ನೆಟ್ಟವನಿಗೆ ನೆಲದ ಮೇಲೆ ಹಕ್ಕು ಹುಟ್ಟುತ್ತದಲ್ಲ; ಜಯಣ್ಣನ ಕಣ್ಣಿಗೆ ಅದು ಚಂದವಲ್ಲ, ದರೋಡೆ.

ಅವನು ನನ್ನನ್ನು ದಾರಿಯಲ್ಲಿ ನಿಲ್ಲಿಸಿ, ಕೈಗೆ ಬೆಲ್ಲದ ತುಂಡು ಕೊಟ್ಟು, “ಬೇಲಿ ಯಾರು ನೆಟ್ಟದ್ದು ಮಗಾ?” ಎಂದ. ಬೆಲ್ಲ ಚೆನ್ನಾಗಿತ್ತು. “ಅಕ್ಕ” ಎಂದೆ.

ಅವನು ಕತ್ತಿ ಹಿಡಿದು ಅಂಗಳಕ್ಕೆ ಬಂದಾಗ ಮಾವ ನಿನ್ನನ್ನು ಬಚ್ಚಲುಕೋಣೆಗೆ ದೂಡಿ ಹೊರಗಿನಿಂದ ಅಗುಳಿ ಹಾಕಿದರು. ನಿನಗೆ ಬೊಬ್ಬೆ ಮಾತ್ರ ಕೇಳಿತು. ಮಾತು ಕೇಳಿದ್ದು ನನಗೆ.

“ಏ ಮೋಹನಾ, ನಿನ್ನ ಬೇಲಿಗೆ ಹೊಟ್ಟೆ ಬಂದಿದೆಯಲ್ಲ, ಎಷ್ಟು ತಿಂಗಳು?”

“ಬಾಣಂತನಕ್ಕೆ ನೀನು ಬರ್ತೀಯಾ ಮಾರಾಯ?”

“ನಗೆ ಸಾಕು. ಹುಡುಗಿಯನ್ನು ಹೊರಗೆ ಕಳಿಸು. ನೆಟ್ಟ ಕೈ ಕಡಿಯದೆ ನಾನು ನೀರು ಮುಟ್ಟುವುದಿಲ್ಲ.”

ಮಾವ ತುಳಸಿಕಟ್ಟೆಯ ಮೇಲೆ ಬಲಗೈ ಅಗಲಿಸಿ ಇಟ್ಟರು. “ಹುಡುಗಿಗೆ ಎಂತ ಗೊತ್ತುಂಟು? ನೆಟ್ಟದ್ದು ಇದು. ಧೈರ್ಯ ಉಂಟಾದ್ರೆ ತಕೊ.”

ಜಯಣ್ಣನಿಗೆ ಧೈರ್ಯ ಇತ್ತು. ಎರಡು ಬೆರಳು ಕಟ್ಟೆಯಿಂದ ಕೆಳಗೆ ಬಿದ್ದವು. ಮಾವ ಅವುಗಳನ್ನು ಒಮ್ಮೆ ನೋಡಿ, ಎಡಗೈಯಲ್ಲಿ ಒನಕೆ ಎತ್ತಿ ಜಯಣ್ಣನ ಹೆಗಲೆಲುಬು ಮುರಿದರು. ಬಿದ್ದವನ ಬಾಯಿಗೂ ಒಂದು ಬಿಟ್ಟರು. ಅಂಗಳದಲ್ಲಿ ಹಲ್ಲು ಯಾವುದು, ಅಕ್ಕಿಯ ನುಚ್ಚು ಯಾವುದು ಎಂದು ಕೋಳಿಗಳಿಗೂ ತಿಳಿಯದಂತಾಯಿತು. ಜಯಣ್ಣನನ್ನು ಹೊತ್ತುಕೊಂಡು ಹೋಗುವಾಗಲೂ ಅವನು ರಕ್ತ ಉಗುಳುತ್ತ ಹೇಳಿದ: “ಸುಳ್ಳು. ಹುಡುಗಿಯದ್ದೇ ಕೈ. ತೆಗೆದೇ ತೆಗೀತೇನೆ.”

ಆ ಸಂಜೆ ಮಾವ ಹುಣಸೆ ಬರಲಿನಿಂದ ನಿನ್ನನ್ನು ಬಡಿದದ್ದು ನಿಜ. ಅದನ್ನು ನಾನು ತೊಳೆದು ಬಿಳಿ ಮಾಡುವುದಿಲ್ಲ. ಮರುದಿನ ಬೆಳಿಗ್ಗೆ ಪೇಟೆಯ ಶಾಲೆಯ ಗೆರ್ಟ್ರೂಡ್ ಟೀಚರ ಮನೆಗೆ ನಿನ್ನನ್ನು ಗಾಡಿ ಹತ್ತಿಸಿದರಲ್ಲ, ಅದು ಶಿಕ್ಷೆಯಲ್ಲ ಅಕ್ಕಾ. ಕಾವೂರಿನಲ್ಲಿದ್ದರೆ ನಿನ್ನ ಕೈ ಉಳಿಯುತ್ತಿರಲಿಲ್ಲ. ಆ ಟೀಚರೇ ನಿನಗೆ ಪೆನ್ಸಿಲು ಹಿಡಿಸಿದರು.

ಇದನ್ನು ಮಾವ ಹೇಳಲಿಲ್ಲ. ವಿವರಣೆ ಕೊಡುವುದು ಅವರಿಗೆ ಕೀಳು ಕೆಲಸ. ನಾನೂ ಹೇಳಲಿಲ್ಲ, ಹೇಳಿದರೆ ಬೆಲ್ಲದ ಕಥೆಯೂ ಹೇಳಬೇಕಿತ್ತು.

ಗುರುವಾರ ಬಾ. ಬಂದು ಮೊದಲು ನನ್ನ ಕೆನ್ನೆಗೆ ಬಾರಿಸು, ಎಲ್ಲರೂ ನೋಡಲಿ. ಆಮೇಲೆ ಕೈ ತೊಳೆದು, ಮಾವನ ಎಲೆಗೆ ಅನ್ನ ನೀನೇ ಬಡಿಸು. ಬೇರೆಯವರು ಬಡಿಸಲು ನಾನು ಬಿಡುವುದಿಲ್ಲ. ನೀನು ಬರುವ ತನಕ ಎಲೆ ಖಾಲಿಯೇ ಇರುತ್ತದೆ.

ಹರಸುವ ವಯಸ್ಸು ನನ್ನದಲ್ಲ, ಆದರೂ ಹೇಳುತ್ತೇನೆ: ನಿನ್ನ ಎರಡೂ ಕೈ ನೂರು ವರ್ಷ ಮಣ್ಣಲ್ಲಿ ಆಡುತ್ತಿರಲಿ.

ಬಾಗಿಲಲ್ಲಿ ಕೆನ್ನೆ ತೋರಿಸಿಕೊಂಡು ಕಾಯುವ,
ತಾರಾನಾಥ