ಹೊರಳಿದ ಪಾದ

ಅವ್ವಾ,

ಇದನ್ನು ಓದಲು ನೀನಿಲ್ಲ. ಇದ್ದರೂ ನಿನಗೆ ಅಕ್ಷರ ಬರುತ್ತಿರಲಿಲ್ಲ, ನಾನೂ ಓದಿದ್ದು ಮೂರನೇ ಇಯತ್ತೆಯಷ್ಟೇ.

ನಿನ್ನೆ ಮುಂಜಾನೆ ನಿನ್ನ ತಂಗಿ ಜನಾಬಾಯಿ ಕುರಿಹಟ್ಟಿಯಲ್ಲಿ ಜಾರಿಬಿದ್ದಳು. "ಮೊಣಕಾಲು ನೋಯತೈತಿ, ಸುಮ್ನ ಎಣ್ಣಿ ತಿಕ್ಕು" ಅಂದಳು. ಆದರೆ ಕಾಲು ಗಿಡ್ಡಾಗಿ, ಪಾದ ಹೊರಗೆ ಹೊರಳಿತ್ತು. ಈ ಸಲ ಮುರಿದ ಕಾಲಿಗೆ ಕಟ್ಟುವ ಬಿದಿರ ಪಟ್ಟಿ ಮುಟ್ಟಲಿಲ್ಲ. ಚಕ್ಕಡಿಯಲ್ಲಿ ಹುಲ್ಲು ಹಾಸಿ ಅಕ್ಕಲಕೋಟೆಗೆ, ಅಲ್ಲಿಂದ ಲಾರಿಯಲ್ಲಿ ಸೋಲಾಪುರದ ದವಾಖಾನೆಗೆ ಒಯ್ದೆ. ದಾರಿಯುದ್ದ ಚಿಗವ್ವ ಬೈದಳು: "ನಿಮ್ಮವ್ವನ್ನ ಮನ್ಯಾಗ ಇಟ್ಕೊಂಡಿ, ನನ್ನಷ್ಟ ಊರು ಬಿಡಸ್ತಿ ಏನೋ?"

ಡಾಕ್ಟರರು ಎಲುಬಿನ ಫೋಟೋ ತೆಗೆದರು. ಮುರಿದದ್ದು ಮೊಣಕಾಲಲ್ಲ, ಮೇಲೆ ಸೊಂಟದ ಕೀಲಿನ ಹತ್ತಿರ.

"ಪಾದ ಯಾಕ ಹೊರಳತೈತ್ರಿ?" ಎಂದು ಕೇಳಿದೆ.

"ಮ್ಯಾಲ ಎಲುಬು ತುಂಡಾದರ ಕಾಲು ಹಿಡಿಯೋರು ಯಾರು? ತನ್ನ ಭಾರಕ್ಕ ಹೊರಳತೈತಿ. ಲಗೂನ ತಂದಿ, ಚಲೋ ಆತು. ನಾಳಿ ಮೊಳಿ ಕೂಡಸ್ತೀವಿ."

ಎಲುಬಿಗೆ ಮೊಳೆ ಹೇಗೆ ಹೊಡೆಯುತ್ತಾರೆ, ಅದು ತುಕ್ಕು ಹಿಡಿಯುವುದಿಲ್ಲವೇ ಎಂದು ಕೇಳುತ್ತಲೇ ಇದ್ದೆ. ಅವರು ನಕ್ಕರು.

ಒಂದನ್ನು ಮಾತ್ರ ಕೇಳಲಿಲ್ಲ. ನೀನು ಬಿದ್ದ ಮೇಲೆ ನಿನ್ನ ಪಾದ ಹೊರಳಿದಾಗಲೆಲ್ಲ ನಾನು ಅದನ್ನು ನೆಟ್ಟಗೆ ಮಾಡಿ, ಕುರಿಯ ಕಾಲಿಗೆ ಕಟ್ಟುವಂತೆ ಮೊಣಕಾಲಿಗೆ ಬಿದಿರ ಪಟ್ಟಿ ಬಿಗಿಯುತ್ತಿದ್ದೆ. ನಲವತ್ತು ದಿನ, ನೀನು ಹೋಗುವವರೆಗೆ. ಪ್ರತಿ ಸಲವೂ ನೀನು, "ಈಗ ಚಲೋ ಅನಸತೈತಿ, ಮಗನ" ಅನ್ನುತ್ತಿದ್ದೆ.