ಅಜ್ಜಿ ಆರಿಸಿದ ಎಂಜಿನ್

ಮನೆಯಿಂದ,
ಹನ್ನೆರಡನೇ ತಾರೀಕು, ಭಾನುವಾರ ಬೆಳಿಗ್ಗೆ

ಪ್ರೀತಿಯ ಪುಟ್ಟಿ,

ಹೇಗಿದ್ದೀಯೇ? ಕೆಮ್ಮು ಹೋಯಿತೇ? ಫೋನಿನಲ್ಲಿ "ಹೋಯ್ತು ಅಜ್ಜಾ" ಎನ್ನುತ್ತಲೇ ಎರಡು ಸಲ ಕೆಮ್ಮಿದೆ, ನನಗೇನು ಕಿವಿ ಕೇಳಿಸುವುದಿಲ್ಲವೇ? ಬಿಸಿನೀರು ಕುಡಿ. ನಾನು ಗಟ್ಟಿಮುಟ್ಟಾಗಿದ್ದೇನೆ. ನಿನ್ನ ಅಜ್ಜಿಯ ಮಂಡಿನೋವು ಹಾಗೇ ಇದೆ, ಬಾಯಿ ಮಾತ್ರ ಮೊದಲಿಗಿಂತ ಚುರುಕಾಗಿದೆ. ಇದು ಫೋನಿನಲ್ಲಿ ಮುಗಿಯುವ ಸುದ್ದಿಯಲ್ಲ, ಅದಕ್ಕೇ ಕಾಗದ ಹಿಡಿದಿದ್ದೇನೆ.

ನಮ್ಮ ಕಾರಿಗೆ ಜೀವ ಬಂತು! ಹೌದು ಕಣೇ, ಅದೇ ಕಾರು. ಎಂಟು ತಿಂಗಳ ಹಿಂದೆ ಏರುದಾರಿಯಲ್ಲಿ ನೀನು ಓಡಿಸುತ್ತಿದ್ದಾಗ ಹಬೆಯೆದ್ದು, ಎಂಜಿನ್ ಕಚ್ಚಿಕೊಂಡು ನಿಂತುಬಿಟ್ಟಿತಲ್ಲ, ಅದೇ. "ಬಿಸಿ ಏರಿದ್ದನ್ನ ನಾನು ನೋಡಲೇ ಇಲ್ಲ ಅಜ್ಜಾ, ನಾನೇ ಕೊಂದುಬಿಟ್ಟೆ" ಎಂದು ನೀನು ಅತ್ತದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಆಮೇಲೆ ನೀನು ಸ್ಟಿಯರಿಂಗ್ ಮುಟ್ಟಲಿಲ್ಲ. ರಜೆ ಬಂದಾಗಲೆಲ್ಲ ಕೆಲಸವಿದೆ ಎನ್ನುತ್ತೀಯ. ಬಾಗಿಲಲ್ಲೇ ಆ ಕಾರು ಸತ್ತು ನಿಂತಿರುವವರೆಗೆ ಹುಡುಗಿ ಮನೆಗೆ ಬರುವುದಿಲ್ಲ ಎಂದು ನಿನ್ನ ಅಜ್ಜಿ ಒಂದು ದಿನ ಊಟದ ಮಧ್ಯೆ ಹೇಳಿದಳು. ಮರುದಿನವೇ ನಾವಿಬ್ಬರೂ ಹಳೇ ಎಂಜಿನ್ ಹುಡುಕಲು ಹೊರಟೆವು.

ಬೀದಿ ಕೊನೆಯ ಮೆಕ್ಯಾನಿಕ್ ನನಗೆ ಪಾಠ ಹೇಳಿ ಕಳಿಸಿದ್ದ. ಎಣ್ಣೆ ಹಾಕುವ ಮುಚ್ಚಳ ತೆಗೆದು ಒಳಗೆ ನೋಡಬೇಕು, ಬೆಳ್ಳಗೆ ಕೆನೆಯ ಹಾಗೆ ಮೆತ್ತಿದ್ದರೆ ನೀರು ಸೇರಿದೆ ಎಂದರ್ಥ, ಮುಟ್ಟಬಾರದು. ನಾನು ಕೈಯಲ್ಲಿ ಟಾರ್ಚು ಹಿಡಿದು ದೊಡ್ಡ ಇಂಜಿನಿಯರನ ಗತ್ತಿನಲ್ಲಿ ಗುಜರಿಯೊಳಗೆ ಹೋದೆ. ಹಳೇ ಟೈರುಗಳ ಮೇಲೆ ಸಾಲಾಗಿ ಎಂಜಿನ್‌ಗಳನ್ನು ಕೂರಿಸಿದ್ದರು. ಗುಜರಿಯವನು ಒಂದೊಂದನ್ನೂ ತಟ್ಟಿ, "ಕಣ್ಣು ಮುಚ್ಚಿ ತಗೊಂಡು ಹೋಗಿ ಯಜಮಾನ್ರೇ, ಡಾಕ್ಟರು ಓಡಿಸಿದ ಗಾಡಿದು" ಎನ್ನುತ್ತಿದ್ದ. ಅವನ ಮಾತು ನಿಜವಾದರೆ ಸುತ್ತಮುತ್ತಲ ಡಾಕ್ಟರುಗಳೆಲ್ಲ ಈಗ ನಡೆದುಕೊಂಡೇ ಹೋಗುತ್ತಿರಬೇಕು.

ಮೊದಲನೆಯದರ ಮುಚ್ಚಳ ತೆಗೆದರೆ ಒಳಗೆಲ್ಲ ಕೆನೆ. ಎರಡನೆಯದು ಹೊಸ ಬಣ್ಣ ಬಳಿದುಕೊಂಡು ಮಿರಮಿರ ಮಿಂಚುತ್ತಿತ್ತು. ಮುಚ್ಚಳವೂ ಚೊಕ್ಕಟ. ನಾನು ಆಯಿತು ಎಂದು ತಲೆಯಾಡಿಸಿಯೇಬಿಟ್ಟಿದ್ದೆ. ಆದರೆ ನಲವತ್ತು ವರ್ಷ ಬಟ್ಟೆ ಕಾರ್ಖಾನೆಯಲ್ಲಿ ಹೊಲಿಗೆ ಯಂತ್ರ ರಿಪೇರಿ ಮಾಡಿದ ಕೈ ಸುಮ್ಮನಿರುತ್ತದೆಯೇ? ನಿನ್ನ ಅಜ್ಜಿ ಕೈಚೀಲ ನನಗೆ ಕೊಟ್ಟು, ಎಂಜಿನ್ನಿನ ಮುಂದಿನ ಚಕ್ರವನ್ನು ಹಿಡಿದು ಹಿಂದಕ್ಕೂ ಮುಂದಕ್ಕೂ ಅಲ್ಲಾಡಿಸಿದಳು. "ಆಡ್ತಾ ಇದೆ ರೀ. ಒಳಗೆ ಸವೆದುಹೋಗಿದೆ. ಇದನ್ನ ಓಡಿಸಿದ ಡಾಕ್ಟರಿಗೇ ವಾಪಸ್ ಕೊಡಿ" ಎಂದಳು. ಗುಜರಿಯವನ ಮುಖ ನೋಡಬೇಕಿತ್ತು ನೀನು!

ಮೂರನೆಯದು ಮೂಲೆಯಲ್ಲಿ ತಾಡಪಾಲಿನ ಕೆಳಗೆ ಬಿದ್ದಿತ್ತು, ಮೈತುಂಬ ಜಿಡ್ಡು. ಅದಕ್ಕೆ ಡಾಕ್ಟರೂ ಇರಲಿಲ್ಲ. ಅಜ್ಜಿ ಗುಜರಿಯವನ ಕೈಯಿಂದಲೇ ಪಾನಾ ಇಸಿದುಕೊಂಡು, ಮುಂದಿನ ಚಕ್ರದ ಬೋಲ್ಟಿಗೆ ಹಾಕಿ ಮೆಲ್ಲಗೆ ತಿರುಗಿಸಿದಳು. ಪಾನಾ ಅರ್ಧ ಸುತ್ತಿ ಅವಳ ಕೈಯನ್ನೇ ಹಿಂದಕ್ಕೆ ತಳ್ಳಿತು. ಅವಳ ಮುಖ ಅರಳಿಹೋಯಿತು. "ಬನ್ರೀ ಇಲ್ಲಿ, ಇದು ತಿರುಗಿ ತಳ್ಳುತ್ತೆ. ಇದಕ್ಕೆ ಇನ್ನೂ ಬಲ ಇದೆ" ಎಂದು ಕೂಗಿದಳು. ಮದುವೆಯಾದಾಗಲೂ ಅವಳು ನನ್ನನ್ನು ಅಷ್ಟು ಪ್ರೀತಿಯಿಂದ ನೋಡಿದ್ದು ನೆನಪಿಲ್ಲ.

ಸಣ್ಣ ಲಾರಿಯಲ್ಲಿ ತಂದೆವು. ಅವಳು ಮುಂದೆ ಡ್ರೈವರ್ ಪಕ್ಕ ರಾಣಿಯಂತೆ ಕೂತಳು, ನಾನು ಹಿಂದೆ ಎಂಜಿನ್ ತಬ್ಬಿಕೊಂಡು ಕೂತೆ. ಅಂಗಿ ಹಾಳಾಯಿತು, ಅದು ಬೇರೆ ಕಥೆ. ಮೆಕ್ಯಾನಿಕ್ ಹಳೆಯದನ್ನು ಇಳಿಸಿ ಇದನ್ನು ಕೂರಿಸಲು ನಾಲ್ಕು ದಿನ ತೆಗೆದುಕೊಂಡ. ಗುರುವಾರ ಸಂಜೆ ಮೊದಲ ಸಲ ಸ್ಟಾರ್ಟ್ ಮಾಡಿದಾಗ ಎರಡು ಸಲ ಗೊರಗುಟ್ಟಿ, ಬೀದಿಯ ತುಂಬ ಹೊಗೆ ಬಿಟ್ಟು, ಆಮೇಲೆ ಎಷ್ಟು ಸಮನಾಗಿ ಓಡಿತು ಗೊತ್ತೇ! ಎದುರು ಮನೆಯವರು ಚಪ್ಪಾಳೆ ತಟ್ಟಿದರು. ಮೆಕ್ಯಾನಿಕ್ ಊರೆಲ್ಲ ಒಂದು ಸುತ್ತು ಹೊಡೆಸಿ ತಂದು ನಿಲ್ಲಿಸಿದ್ದಾನೆ.

ಹೊತ್ತಿಗೆ ಸರಿಯಾಗಿ ಊಟ ಮಾಡು, ನಿದ್ದೆಗೆಡಬೇಡ. ನಿನಗೆ ನೂರು ವರ್ಷ ಆಯಸ್ಸಾಗಲಿ, ಅಷ್ಟೂ ವರ್ಷ ನಗುನಗುತ್ತಿರು.

ಇಂತಿ ನಿನ್ನ
ಅಜ್ಜ

ತಾ.ಕ.: ಲಕೋಟೆ ಅಂಟಿಸಲು ಹೋದರೆ ನಿನ್ನ ಅಜ್ಜಿ ಕೈ ಹಿಡಿದು ಮತ್ತೆ ಕೂರಿಸಿದ್ದಾಳೆ. ಎಂಜಿನ್ ಕೂರಿಸುವಾಗ ಮೆಕ್ಯಾನಿಕ್ ಒಂದು ವೈರು ಎತ್ತಿ ಹಿಡಿದು, "ಇದನ್ನ ಕಿತ್ತು ಟೇಪ್ ಸುತ್ತಿದವರು ಯಾರು?" ಎಂದು ಕೇಳಿದ. ಬಿಸಿ ತೋರಿಸುವ ಮುಳ್ಳಿನ ವೈರು ಅದು. ಕಿತ್ತವನು ನಾನೇ ಪುಟ್ಟಿ. ಎರಡು ವರ್ಷದ ಹಿಂದೆ. ನಿನ್ನ ಅಜ್ಜಿ ಪಕ್ಕದಲ್ಲಿ ಕೂತು "ಮುಳ್ಳು ಏರ್ತಾ ಇದೆ, ನಿಲ್ಸಿ" ಎಂದು ಪ್ರಾಣ ತಿನ್ನುತ್ತಾಳೆಂದು ಕಿತ್ತೆ, ಆಮೇಲೆ ಮರೆತೇಬಿಟ್ಟೆ. ಅವತ್ತು ಆ ಮುಳ್ಳು ಏಳುವಂತೆಯೇ ಇರಲಿಲ್ಲ. ನೀನು ನೂರು ಸಲ ನೋಡಿದ್ದರೂ ಏನೂ ಕಾಣುತ್ತಿರಲಿಲ್ಲ. ತಪ್ಪು ಮಾಡಿದವನು ನಾನು, ಎಂಟು ತಿಂಗಳು ಹೊತ್ತವಳು ನೀನು. ಕ್ಷಮಿಸು ಮಗೂ.

ನಾನು ಅಜ್ಜಿ ಬರೆಯುತ್ತಿರುವುದು. ಇಷ್ಟು ಬರೆಯಲು ಇವರಿಗೆ ಗುರುವಾರದಿಂದ ಮೂರು ದಿನ ಬೇಕಾಯಿತು. ಇನ್ನು ಮೇಲೆ ಇವರಿಗೆ ಪಕ್ಕದ ಸೀಟು, ಡ್ರೈವರ್ ನೀನು. ಯಾವ ಬಸ್ಸಿಗೆ ಬರ್ತೀಯಾ?