ಬೆವರದ ಐಸ್

ಮಾರ್ಚ್ 3, ಮಂಗಳವಾರ. ಸಂಜೆ

ಮಕ್ಕಳಿಗೆ ಸತ್ತ ಲಸಿಕೆ ಚುಚ್ಚಿದ್ದೇವೆ. ಬೇರೆ ಯಾರೋ ಅಲ್ಲ, ನಮ್ಮದೇ ಆರೋಗ್ಯ ಇಲಾಖೆ. ಚುಚ್ಚಿದ ಕೈ ನನ್ನದು.

ಎಂದಿನಂತೆ ಮಿಲ್ಲಿನ ಹಿಂದಿನ ಗಲ್ಲಿಯಲ್ಲಿ ಶಿಬಿರ. ಗೋಡೆಯ ನೆರಳಿಗೆ ಮೇಜು, ಹತ್ತಿ, ಸಿರಿಂಜು, ಅಳು. ಕಣ್ಣು ಬಿಡಲಾಗದಂಥ ಬಿಸಿಲು. ಮಧ್ಯಾಹ್ನ ಲಸಿಕೆ ಪೆಟ್ಟಿಗೆ ಖಾಲಿ ಮಾಡುವಾಗ ತಳದಲ್ಲೊಂದು ಸೀಸೆ ಐಸ್ ಪ್ಯಾಕಿಗೆ ಅಂಟಿಕೊಂಡಿತ್ತು. ಕಿತ್ತು ಬೆಳಕಿಗೆ ಹಿಡಿದೆ. ಒಳಗೆ ಕಲ್ಲಿನಷ್ಟು ಗಟ್ಟಿ. ಪಕ್ಕದ ಸೀಸೆಗಳು ಕರಗಿದ್ದವು, ಆದರೆ ಬಿಳಿ ಚೂರು ಚೂರು — ಒಡೆದ ಹಾಲಿನ ಹಾಗೆ. ಬೆಳಿಗ್ಗೆಯಿಂದ ತೆಗೆದವುಗಳಲ್ಲಿ ಎಷ್ಟು ಹೆಪ್ಪುಗಟ್ಟಿ ಕರಗಿದ್ದವೋ…

ಗಂಟಲಮಾರಿ, ಧನುರ್ವಾಯು, ನಾಯಿಕೆಮ್ಮು — ಮೂರಕ್ಕೂ ಒಂದೇ ಸೂಜಿ. ಬಿಸಿಗೆ ಕೆಡುತ್ತದೆ ಅಂತ ಎಲ್ಲರಿಗೂ ಗೊತ್ತು. ಹೆಪ್ಪುಗಟ್ಟಿದರೂ ಕೆಡುತ್ತದೆ ಅನ್ನುವುದು ಯಾರಿಗೂ ನೆನಪಿರುವುದಿಲ್ಲ. ಅದಕ್ಕೇ ಫ್ರೀಜರಿನಿಂದ ತೆಗೆದ ಐಸ್ ಪ್ಯಾಕನ್ನು ನೇರ ಪೆಟ್ಟಿಗೆಯಲ್ಲಿ ಇಡಬಾರದು. ಹೊರಗಿಟ್ಟು ಬೆವರಿಸಬೇಕು. ಅಲುಗಿಸಿದರೆ ಒಳಗೆ ನೀರಿನ ಸದ್ದು ಕೇಳಬೇಕು. ಆಮೇಲೆ ಸೀಸೆ.

ಇವತ್ತಿನ ಐಸ್ ಬೆವರಿರಲಿಲ್ಲ.

ದೊಡ್ಡ ಸಿಸ್ಟರಿಗೆ ತೋರಿಸಿದೆ. ಕನ್ನಡಕ ಮೇಲೆತ್ತಿ ಸೀಸೆಯ ಮೇಲಿನ ಗುರುತು ನೋಡಿದರು. “ಬಣ್ಣ ಬದಲಾಗಿಲ್ಲವಲ್ಲೇ.”

“ಅದು ಬಿಸಿಗೆ ಮಾತ್ರ ಬದಲಾಗೋದು ಸಿಸ್ಟರ್.”

“ಗೊತ್ತು ಕಣೆ.” ಅಷ್ಟೇ. ಕೈ ತೊಳೆಯಲು ಹೋದರು.

ಉಳಿದ ಸೀಸೆಗಳಿಗೆ ಕೆಂಪು ದಾರ ಕಟ್ಟಿ ಶೀತಕೋಣೆಯ ಮೂಲೆಯಲ್ಲಿಟ್ಟೆ. ಆ ಕೋಣೆಯ ಕೀಲಿ ಇರುವುದು ಭಾವನ ಸೊಂಟದಲ್ಲಿ. ಪೆಟ್ಟಿಗೆ ತುಂಬುವವರೂ ಅವರೇ. ನಾನು ಉಣ್ಣುವುದು, ಮಲಗುವುದು ಅವರ ಮನೆಯಲ್ಲಿ.

ಇವತ್ತು ಸಾಲಿನಲ್ಲಿ ಮೊದಲು ನಿಂತಿದ್ದವಳು ಅಕ್ಕ. ಮಗಳು ಪುಟ್ಟಿಯನ್ನೆತ್ತಿಕೊಂಡು, ನಗುತ್ತಾ. “ಮೆಲ್ಲಗೆ ಹಾಕೇ ಚಿಕ್ಕಮ್ಮ,” ಅಂದಿದ್ದಳು.

ಮಾರ್ಚ್ 4, ಬುಧವಾರ. ಮಧ್ಯಾಹ್ನ, ಆಫೀಸಿನ ಹಿಂದಿನ ಮೆಟ್ಟಿಲು

ಸಾಹೇಬರ ಕೋಣೆಗೆ ನುಗ್ಗಿದೆ. ಇಡೀ ಪ್ರದೇಶದ ಆರೋಗ್ಯಾಧಿಕಾರಿ. ಫ್ಯಾನಿಗೆ ಹಾರುವ ಕಾಗದಗಳನ್ನು ಮೊಣಕೈಯಲ್ಲಿ ಒತ್ತಿಕೊಂಡು ಕೂತಿದ್ದರು.

“ಅಲುಗಿಸಿ ನೋಡೋ ಪರೀಕ್ಷೆ ಮಾಡಿಸಿ ಸಾರ್.”

ಕಷ್ಟದ ಪರೀಕ್ಷೆಯೇನಲ್ಲ. ಅದೇ ಬ್ಯಾಚಿನ ಒಂದು ಒಳ್ಳೆಯ ಸೀಸೆಯನ್ನು ಬೇಕೆಂದೇ ಹೆಪ್ಪುಗಟ್ಟಿಸಿ ಕರಗಿಸುವುದು. ಅದನ್ನೂ ಅನುಮಾನದ ಸೀಸೆಯನ್ನೂ ಒಟ್ಟಿಗೆ ಅಲುಗಿಸಿ ಮೇಜಿನ ಮೇಲಿಡುವುದು. ಕೆಟ್ಟ ಲಸಿಕೆಯ ಮಡ್ಡಿ ಬೇಗ ತಳ ಸೇರುತ್ತದೆ. ಎರಡೂ ಒಂದೇ ಸಮ ಇಳಿದರೆ, ಎರಡೂ ಸತ್ತಿವೆ.

“ಮಾಡ್ಸೋಣ. ಕೆಟ್ಟಿದೆ ಅಂತ ಬಂತು ಅಂತಿಟ್ಕೋ. ಪೆಟ್ಟಿಗೆ ತುಂಬಿದವನ ಮೇಲೆ ಕ್ರಮ ತಗೋಬೇಕಾಗುತ್ತೆ. ಕಾಂಟ್ರಾಕ್ಟ್ ಮೇಲಿರೋ ಮನುಷ್ಯ. ನಿನ್ನ ಭಾವ ಅಲ್ವಾ?”

“ನನ್ನ ಬಾಯಿ ಕಟ್ತಿದೀರಾ ಸಾರ್?”

“ಇಲ್ಲಮ್ಮ. ಯೋಚನೆ ಮಾಡು ಅಂತಿದೀನಿ. ಮುಂದಿನ ವಾರ, ಶನಿವಾರ ಮೇಲಿನವರು ಬರ್ತಾರೆ. ನೂರಕ್ಕೆ ನೂರು ಲಸಿಕೆ ಆದ ಪ್ರದೇಶ ಅಂತ ಬೋರ್ಡು ಹಾಕ್ತಾರೆ. ಅದು ನಿನ್ನ ದುಡಿಮೆಯ ಬೋರ್ಡೂ ಹೌದು.”

ನಕ್ಕರು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

ನನ್ನ ಹಾಸಿಗೆಯಡಿಯ ಹೋರಾಟದ ಕಿರುಪುಸ್ತಕದಲ್ಲಿ ಒಂದು ಸಾಲಿಗೆ ಎರಡು ಸಲ ಗೆರೆ ಎಳೆದಿದ್ದೇನೆ — ಜನಕ್ಕೆ ಉತ್ತರ ಕೊಡದ ಆಸ್ಪತ್ರೆ ಬರೀ ಗೋಡೆ. ಗೋಡೆಯೊಂದಿಗೆ ಮಾತಾಡಿ ಬಂದೆ.

ಅದೇ ದಿನ, ರಾತ್ರಿ ಊಟದ ಹೊತ್ತು

ಸುದ್ದಿ ನನಗಿಂತ ಮೊದಲೇ ಮನೆ ಮುಟ್ಟಿತ್ತು. ಭಾವ ತಟ್ಟೆ ಮುಂದೆ ಕೂತಿದ್ದರು.

“ಏನಮ್ಮ ಕರಪತ್ರ, ನನ್ನನ್ನ ಯಾವ ಗೋಡೆಗೆ ಅಂಟಿಸ್ತೀಯ?”

ಕರಪತ್ರ ಅಂತ ನನಗೆ ಹೆಸರಿಟ್ಟವರೂ ಅವರೇ. ದಿನಾ ನಗುತ್ತಿದ್ದೆ. ಇವತ್ತು ಆಗಲಿಲ್ಲ.

“ಐಸ್ ಬೆವರಿಸಲಿಲ್ಲ ನೀವು.”

“ಎಂಟೂವರೆಗೇ ಗಾಡಿ ಹೊರಡಲಿ ಅಂತ ಸಾಹೇಬರ ಫೋನು. ಟೈಮ್ ಎಲ್ಲಿತ್ತು? ಆ ಬಿಸಿಲು ಬೇರೆ… ತಣ್ಣಗಿದ್ದಷ್ಟೂ ಒಳ್ಳೇದಲ್ವಾ ಅನ್ನಿಸಿಬಿಡ್ತು.”

“ನಿಮಗೆ ಗೊತ್ತಿತ್ತು ಭಾವ.”

“ಗೊತ್ತಿತ್ತು.”

ಒಳಗಿನಿಂದ ಅಕ್ಕ: “ಗೊತ್ತಿತ್ತು ಗೊತ್ತಿತ್ತು ಅಂತ ಇಬ್ಬರೂ ಹಾಡ್ತಾ ಕೂತ್ಕೊಳ್ಳಿ. ಈ ಕೆಲಸ ಹೋದ್ರೆ ನಾಳೆ ಒಲೆ ಯಾರು ಹಚ್ತಾರೆ? ನಿನ್ನ ಪುಸ್ತಕಾನಾ?”

ಆಮೇಲೆ ಬಾಗಿಲಿಗೆ ಬಂದಳು. ಪುಟ್ಟಿ ಹೆಗಲ ಮೇಲೆ.

“ಇವಳಿಗೆ ಹಾಕಿದ್ದೂ… ಅದೇ ಪೆಟ್ಟಿಗೇದಾ?”



ಮಾರ್ಚ್ 5, ಗುರುವಾರ

ಬರೆದೇಬಿಟ್ಟೆ. ಮೇಲೆ ದಪ್ಪಕ್ಷರ: ‘ತಾಯಂದಿರೇ, ನಿಮ್ಮ ಮಕ್ಕಳಿಗೆ ಸತ್ತ ಲಸಿಕೆ!’ ಕೆಳಗೆ ಬೆಂಕಿಯಂಥ ಮಾತು. ನಾಳೆ ಜೆರಾಕ್ಸ್, ನಾಡಿದ್ದು ಗಲ್ಲಿಯ ಪ್ರತಿ ಗೋಡೆ.

ದೊಡ್ಡ ಸಿಸ್ಟರ್ ಕೈಯಿಂದ ಕಿತ್ತು ಓದಿದರು.

“ಚೆನ್ನಾಗಿ ಬರೀತೀಯ. ಇದನ್ನ ಅಂಟಿಸು, ಆ ಗಲ್ಲೀಲಿ ಇನ್ಮೇಲೆ ಒಂದು ಮಗೂನೂ ತೊಡೆ ಕೊಡಲ್ಲ. ಸತ್ತ ಲಸಿಕೆಗೂ ಇಲ್ಲ, ಬದುಕಿರೋದಕ್ಕೂ ಇಲ್ಲ.”

“ಹಾಗಾದ್ರೆ ಮುಚ್ಚಿಡೋಣ ಅಂತೀರಾ?”

“ನಾನೆಲ್ಲಿ ಹಾಗಂದೆ? ಆ ಗಲ್ಲಿಯೋರು ಬಾಗಿಲು ತೆಗೆಯೋಕೆ ನಾನು ಎಷ್ಟು ಚಪ್ಪಲಿ ಸವೆಸಿದೀನಿ ಗೊತ್ತಾ? ಹೇಳೋದಾದ್ರೆ ಎದುರು ನಿಂತು ಹೇಳು. ಬೈದ್ರೆ ಬೈಸಿಕೋ. ಮರುಕ್ಷಣ ಕೈಯಲ್ಲಿ ಒಳ್ಳೇ ಲಸಿಕೆ ಇರಲಿ. ಇದೆಯಾ?”

ಇಲ್ಲ. ಸಾಹೇಬರು ಸಹಿ ಹಾಕದೆ ಒಂದು ಸೀಸೆಯೂ ಹೊರಬರುವುದಿಲ್ಲ.

ಕಾಗದ ಹರಿಯಲಿಲ್ಲ. ಅಂಟಿಸಲೂ ಇಲ್ಲ. ಸಿಟ್ಟು ನೆತ್ತಿಯಲ್ಲೇ ಇದೆ.

ಮಾರ್ಚ್ 9, ಸೋಮವಾರ

ಮೂರು ದಿನ ಮನೆಯಲ್ಲಿ ಯಾರೂ ಯಾರೊಂದಿಗೂ ಮಾತಿಲ್ಲ. ಬರೆಯುವುದಕ್ಕೂ ಮನಸ್ಸಿಲ್ಲ. ಇವತ್ತು ಬರೆಯಲೇಬೇಕು.

ಗಲ್ಲಿಗೆ ಹೋಗಿದ್ದೆ. ಟೈಲರಮ್ಮನ ಮನೆಯಿಂದ ಕೆಮ್ಮು. ಅವಳ ದೊಡ್ಡ ಮಗಳು. ಒಂದರ ಹಿಂದೊಂದು, ಒಂದರ ಹಿಂದೊಂದು, ಮುಖ ನೀಲಿ, ಕೊನೆಗೆ ಉಸಿರೆಳೆಯುವಾಗ ಆ ಕೂಗು. ಪುಸ್ತಕದಲ್ಲಿ ಓದಿದ್ದೆ. ಕೇಳಿದ್ದು ಇದೇ ಮೊದಲು. 

ಆಸ್ಪತ್ರೆಗೆ ಕರೆದೊಯ್ದೆವು. ನಾಯಿಕೆಮ್ಮು. ಹುಡುಗಿಗೆ ಅಲ್ಲೇ ಹಾಸಿಗೆ, ಮನೆಯವರಿಗೆಲ್ಲ ಔಷಧಿ.

ಇದು ನಮ್ಮ ಸೀಸೆಯಿಂದ ಬಂದದ್ದಲ್ಲ. ಮೊದಲೇ ಸೋಂಕು ತಗುಲಿರಬೇಕು. ಆದರೆ ಈಗ ಅದು ಗಲ್ಲಿಯಲ್ಲಿದೆ. ಟೈಲರಮ್ಮನ ಕೈಗೂಸಿಗೆ ಮಂಗಳವಾರ ನಾನೇ ಚುಚ್ಚಿದ್ದು.

“ಚಿಕ್ಕದಕ್ಕೆ ಭಯ ಇಲ್ಲ ಅಲ್ವೇನಮ್ಮ? ಸೂಜಿ ಹಾಕಿದೀಯಲ್ಲ,” ಅಂದಳು. ನನ್ನ ಕೈ ಹಿಡಿದುಕೊಂಡು.

 “ಔಷಧಿ ತಪ್ಪಿಸಬೇಡಮ್ಮ,” ಅಂದೆ, ಅಷ್ಟೇ. ಇಷ್ಟು ದಿನ ಘೋಷಣೆ ಕೂಗಿದ ಬಾಯಿ.

ಮನೆಗೆ ಬಂದು ಭಾವನಿಗೆ ಅಷ್ಟೂ ಹೇಳಿದೆ. ಆ ಕೂಗು ಹೇಗಿತ್ತು ಅಂತಲೂ. ಭಾವ ಎದ್ದು ಅಂಗಿ ಹಾಕಿಕೊಂಡರು. “ಬೆಳಿಗ್ಗೆ ಬರ್ತೀನಿ” ಅಂತ ಅಕ್ಕನಿಗೆ ಹೇಳಿ ಹೋದರು.

ಮಾರ್ಚ್ 10, ಮಂಗಳವಾರ

ರಾತ್ರಿಯಿಡೀ ಶೀತಕೋಣೆಯಲ್ಲೇ ಇದ್ದರಂತೆ. ಒಂದು ಒಳ್ಳೆಯ ಸೀಸೆಯನ್ನು ಫ್ರೀಜರಿಗಿಟ್ಟು, ಬೆಳಿಗ್ಗೆ ಕರಗಿಸಿ, ಅದನ್ನೂ ನನ್ನ ಕೆಂಪು ದಾರದ ಸೀಸೆಯನ್ನೂ ಹಿಡಿದು ನೇರ ಸಾಹೇಬರ ಕೋಣೆಗೆ. ನಾನು, ದೊಡ್ಡ ಸಿಸ್ಟರ್ ಹಿಂದೆ.

ಎರಡನ್ನೂ ಒಂದೇ ಮುಷ್ಟಿಯಲ್ಲಿ ಅಲುಗಿಸಿ ಕಾಗದಗಳ ಮಧ್ಯೆ ಇಟ್ಟರು. ಸಾಹೇಬರು ಫ್ಯಾನ್ ಆಫ್ ಮಾಡಿದರು. ಯಾಕೋ ಗೊತ್ತಿಲ್ಲ. 

ಮಡ್ಡಿ ಇಳಿಯತೊಡಗಿತು. ಎರಡರಲ್ಲೂ. ಒಂದೇ ಸಮ. ಮೇಲೆ ತಿಳಿನೀರು, ತಳದಲ್ಲಿ ಬಿಳಿ.

“ಐಸ್ ಬೆವರಿಸಲಿಲ್ಲ ಸಾರ್. ನಾನೇ.”

ಸಾಹೇಬರು ಎರಡೂ ಸೀಸೆಗಳನ್ನು ಬೆಳಕಿಗೆ ಹಿಡಿದು ನೋಡಿದರು. ಕೂಗಾಡಲಿಲ್ಲ. ಹೊಸ ಲಸಿಕೆಗೆ ಸಹಿ ಹಾಕಿದರು! ಕುಣಿಯಬೇಕು ಅನ್ನಿಸಿತು. ಅಷ್ಟರಲ್ಲೇ —

“ಆದರೆ ತಪ್ಪಾಯ್ತು ಅನ್ನೋ ಮಾತು ಹೊರಗೆ ಹೋಗಬಾರದು. ಕೆಮ್ಮು ಕಾಣಿಸಿದೆ, ಅದಕ್ಕೆ ಹೆಚ್ಚುವರಿ ಡೋಸ್ ಅಂತ ಹೇಳಿ. ಕೀಲಿ ನಿನ್ನ ಭಾವನ ಹತ್ರಾನೇ ಇರುತ್ತೆ. ಬೋರ್ಡೂ ಬರುತ್ತೆ. ಯಾರಿಗೂ ನಷ್ಟ ಇಲ್ಲ.”

ಬೇಡ ಅನ್ನಬೇಕಿತ್ತು. ಮಕ್ಕಳಿಗೆ ಲಸಿಕೆ ಸಿಗುತ್ತದಲ್ಲ ಅನ್ನಿಸಿತು. ಭಾವನ ಮುಖ ನೋಡಿದೆ. ಸರಿ ಸಾರ್ ಅಂದುಬಿಟ್ಟೆ.

ಮಾರ್ಚ್ 12, ಗುರುವಾರ. ಸಂಜೆ

ನಿನ್ನೆ ಅಕ್ಕನಿಗೆ ಎಲ್ಲ ಹೇಳಿದೆ. ಹೆಚ್ಚುವರಿ ಅಂದರೆ ಸಾಕು, ಕೆಲಸ ಉಳಿಯುತ್ತದೆ ಅಂದೆ. ಖುಷಿಪಡುತ್ತಾಳೆ ಅಂದುಕೊಂಡಿದ್ದೆ.

“ಹೆಚ್ಚುವರಿ ಅಂದ್ರೆ ಟೈಲರಮ್ಮ ಬರ್ತಾಳೇನೇ? ಒಂದು ಮಗಳು ಆಸ್ಪತ್ರೇಲಿ. ಮೊದಲೇ ಒಂದು ಹಾಕಿದೆಯಲ್ಲ, ಇನ್ನೊಂದು ಆಮೇಲೆ ನೋಡೋಣ ಅಂತಾಳೆ. ನಾನಾಗಿದ್ರೂ ಹಾಗೇ ಅಂತಿದ್ದೆ.”

ಇದು ನನ್ನ ಯಾವ ಪುಸ್ತಕದಲ್ಲೂ ಇರಲಿಲ್ಲ.

ಇವತ್ತು ಕೆಲಸ ಮುಗಿಸಿ ಹೊರಟರೆ ಗೇಟಿನಲ್ಲಿ ಅಕ್ಕ. ಕಂಕುಳಲ್ಲಿ ಪುಟ್ಟಿ. “ನಡಿ,” ಅಂದಳು.

ನಲ್ಲಿಯ ಹತ್ತಿರ ಹೆಂಗಸರೆಲ್ಲ ಕೊಡ ಇಟ್ಟುಕೊಂಡು ನಿಂತಿದ್ದರು. ಹೇಳಿದೆ. ಎದುರು ನಿಂತೇ. ಐಸು, ಸೀಸೆ, ಮಡ್ಡಿ, ಎಲ್ಲ. ಕಾಗದದಲ್ಲಿ ಬೆಂಕಿಯಂತಿದ್ದ ಮಾತು ಬಾಯಲ್ಲಿ ತೊದಲಿತು.

 ಎಲ್ಲರೂ ಒಟ್ಟಿಗೇ ಶುರುವಾದರು. ಏನೇನೆಂದರು ಅಂತ ಬರೆಯುವುದಿಲ್ಲ. ನ್ಯಾಯವಾಗಿಯೇ ಬೈದರು.  ಎಲ್ಲರದೂ ಮುಗಿದ ಮೇಲೆ ಟೈಲರಮ್ಮ —

“ಪೆಟ್ಟಿಗೆ ತುಂಬಿದ ಮಹಾರಾಯ ಯಾರು?”

ನಾನು ಬಾಯಿ ತೆರೆಯುವ ಮುಂಚೆ ಅಕ್ಕ: “ನನ್ನ ಗಂಡ. ಇವಳಿಗೂ ಅದೇ ಬಿದ್ದಿದೆ ನೋಡಿ.” ಪುಟ್ಟಿಯ ಕಾಲು ಎತ್ತಿ ತೋರಿಸಿದಳು. ಸೂಜಿ ಹಾಕಿದ ಜಾಗ ಇನ್ನೂ ಗಂಟುಗಂಟು.

ಟೈಲರಮ್ಮ ಆ ಗಂಟನ್ನು ಬೆರಳಿನಿಂದ ಮುಟ್ಟಿ ನೋಡಿದಳು. ತನ್ನ ಕೂಸಿನ ತೊಡೆಯನ್ನೂ ಮುಟ್ಟಿದಳು.

“ಬದಲಿ ಹಾಕೋ ದಿನ ಐಸು ನಮ್ಮ ಕಣ್ಣೆದುರೇ ಬೆವರಬೇಕು. ಒಳಗೆ ನೀರಿನ ಸದ್ದು ಕೇಳುತ್ತೆ ಅಂದೆಯಲ್ಲ? ಒಂದೊಂದನ್ನೂ ನನ್ನ ಕಿವಿ ಹತ್ರ ಅಲುಗಿಸಬೇಕು. ಆಮೇಲೆ ತೊಡೆ ಕೊಡ್ತೀವಿ.”

“ಐಸಿರೋದು ಆಫೀಸಿನ ಶೀತಕೋಣೇಲಿ. ಶನಿವಾರ ಬೆಳಿಗ್ಗೆ ಇಷ್ಟು ಜನ ಅಲ್ಲಿಗೆ ಬರ್ತೀರಾ?” ಅಂದೆ.

“ಯಾಕೆ, ನಮಗೆ ಕಾಲಿಲ್ವಾ?”

ಯಾರೋ ಕಿಸಕ್ಕೆಂದರು. ಆಮೇಲೆ ಎಲ್ಲರೂ.

ಭಾವನಿಗೆ ಹೇಳಿದೆ. ಕೀಲಿಯನ್ನು ಅಂಗೈಯಲ್ಲಿ ತಿರುಗಿಸುತ್ತಾ ಕೂತರು. “ಶನಿವಾರದ ನಂತರ ಇದು ನನ್ನ ಹತ್ರ ಇರಲ್ಲ.” ಸ್ವಲ್ಪ ತಡೆದು, “ಅವತ್ತು ಇರುತ್ತಲ್ಲ, ಸಾಕು. ಪ್ಯಾಕುಗಳನ್ನ ಆರಕ್ಕೇ ಹೊರಗೆ ತೆಗೆದಿಡ್ತೀನಿ ಕಣಮ್ಮ ಕರಪತ್ರ.”

ಮೇಲಿನವರು ಬೋರ್ಡು ಹಿಡಿದು ಬರುವುದು ಹತ್ತಕ್ಕೆ. ಸಾಹೇಬರಿಗೆ ಇನ್ನೂ ತಿಳಿದಿಲ್ಲ. ನಾಳೆ ನಾನೇ ಹೇಳುತ್ತೇನೆ, ಎದುರು ನಿಂತು.  ದೊಡ್ಡ ಸಿಸ್ಟರ್ ಹೊಸ ಚಪ್ಪಲಿ ತಗೊಂಡಿದ್ದಾರಂತೆ, ಬರುತ್ತಾರಂತೆ.

ಎಲ್ಲರಿಗೂ ಹೇಳಿಯಾಯಿತು. ಶನಿವಾರ, ಬೆಳಿಗ್ಗೆ ಏಳು ಗಂಟೆ, ಶೀತಕೋಣೆಯ ಬಾಗಿಲಲ್ಲಿ ಸೇರುವುದು.